50% ನಿಯಮ, ಹಮಾಲರ ಲೆಕ್ಕ, ಪಿಎಫ್: ದಾವಣಗೆರೆ, ದುರ್ಗದ ಗಿರಣಿ–ಅಂಗಡಿಯವರು ಸಂಬಳದ ಪಟ್ಟಿಯಲ್ಲಿ ಏನು ಸರಿಪಡಿಸಬೇಕು?

ಎಪಿಎಂಸಿ_ಲೆಕ್ಕಿಗ (ದಾವಣಗೆರೆ)
ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಾಗಿವೆ. ಅಕ್ಕಿ ಗಿರಣಿಯೊಂದರ ಸಂಬಳದ ಪಟ್ಟಿ ತಿದ್ದಬೇಕಿದೆ. ಪರಿಸ್ಥಿತಿ ಹೀಗಿದೆ: ಖಾಯಂ 17 ಜನ. ಮೂಟೆ ಹೊರಲು ಮೇಸ್ತ್ರಿ ಕಡೆಯಿಂದ ದಿನಾ ಬರುವ ಹಮಾಲರು 8 ಜನ. ಇಎಸ್ಐ (ನೌಕರರ ರಾಜ್ಯ ವಿಮೆ) ಇದೆ, ಪಿಎಫ್ (ಭವಿಷ್ಯ ನಿಧಿ) ಇಲ್ಲ. ಮೆಷಿನ್ ಆಪರೇಟರ್ ಸಂಬಳ 24,000 ರೂ. ಇದರಲ್ಲಿ ಬೇಸಿಕ್ 9,000, ಮನೆ ಬಾಡಿಗೆ ಭತ್ಯೆ 4,000, ಪ್ರಯಾಣ ಭತ್ಯೆ 3,000, ಸ್ಪೆಷಲ್ ಅಲೊಯೆನ್ಸ್ 8,000. ಹೊಸ 50% ನಿಯಮಕ್ಕೆ ಬೇಸಿಕ್ಕನ್ನು 12,000ಕ್ಕೆ ಏರಿಸಿ ಸ್ಪೆಷಲ್ ಅಲೊಯೆನ್ಸನ್ನು 5,000ಕ್ಕೆ ಇಳಿಸಿದರೆ ಸಾಕು ಎಂಬ ಸಲಹೆ ಬಂದಿದೆ. ಸರಿಯೇ?

ದುರ್ಗದ_ಕಾರ್ಮಿಕ_ಸಲಹೆ
ಸರಿಯಲ್ಲ ಸರ್. ಬಹಳ ಜನ ಇಲ್ಲೇ ಎಡವುತ್ತಿದ್ದಾರೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

"ಬೇಸಿಕ್ ಅರ್ಧ ಇರಬೇಕು" ಎಂದು ಸಂಹಿತೆ ಎಲ್ಲೂ ಹೇಳಿಲ್ಲ. ಸಿಬ್ಬಂದಿಗೆ ಕೊಡುವುದೆಲ್ಲವೂ ವೇತನ, ಪಟ್ಟಿ ಮಾಡಿ ಹೊರಗಿಟ್ಟ ಕೆಲವು ಬಾಬ್ತು ಮಾತ್ರ ವೇತನವಲ್ಲ ಎನ್ನುತ್ತದೆ. ಹೊರಗಿಟ್ಟವು ಯಾವುವೆಂದರೆ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್, ಕಾನೂನುಬದ್ಧ ಬೋನಸ್, ಮಾಲೀಕರ ಪಿಎಫ್ ವಂತಿಗೆ, ಕೆಲಸದ ಸ್ವರೂಪದಿಂದ ಬೀಳುವ ವಿಶೇಷ ಖರ್ಚಿಗೆ ಕೊಡುವ ಹಣ, ಇಂಥವು. ಯಾವ ಖರ್ಚಿಗೂ ಸಂಬಂಧವಿಲ್ಲದೆ ತಿಂಗಳಾ ಎಲ್ಲರಿಗೂ ಕೊಡುವ ಸ್ಪೆಷಲ್ ಅಲೊಯೆನ್ಸ್ ಆ ಪಟ್ಟಿಯಲ್ಲಿಲ್ಲ. ಅಂದರೆ ಅದು ವೇತನವೇ.

ನಿಮ್ಮ ಆಪರೇಟರ್ ಲೆಕ್ಕ ಹಾಕೋಣ. ಹೊರಗುಳಿಯುವುದು 4,000 + 3,000 = 7,000. ಒಟ್ಟು 24,000ದ ಅರ್ಧ 12,000. ಹೊರಗುಳಿಯುವ ಮೊತ್ತ ಅರ್ಧವನ್ನು ಮೀರಿಲ್ಲ, ಹಾಗಾಗಿ 50% ನಿಯಮ ಇಲ್ಲಿ ಕೆಲಸಕ್ಕೇ ಬರುವುದಿಲ್ಲ. ವೇತನ 24,000 – 7,000 = 17,000. ಬೇಸಿಕ್ 9,000 ಎಂದು ಬರೆದರೂ ಅಷ್ಟೇ, 12,000 ಎಂದು ಬರೆದರೂ ಅಷ್ಟೇ.

50% ನಿಯಮ ಹೊರಗಿಟ್ಟ ಬಾಬ್ತುಗಳು ಒಟ್ಟು ಮೊತ್ತದ ಅರ್ಧ ಮೀರಿದ ಸಂದರ್ಭಕ್ಕೆ. ಅದೇ 24,000ದಲ್ಲಿ ಬೇಸಿಕ್ 9,000, ಮನೆ ಬಾಡಿಗೆ 9,000, ಪ್ರಯಾಣ 6,000 ಎಂದಿದ್ದರೆ ಹೊರಗುಳಿಯುವುದು 15,000. ಅರ್ಧಕ್ಕಿಂತ 3,000 ಹೆಚ್ಚಾಯಿತು. ಆ ಹೆಚ್ಚಿನ 3,000 ವಾಪಸ್ ವೇತನಕ್ಕೆ ಸೇರಿ 12,000 ಆಗುತ್ತದೆ. ಗ್ರಾಚ್ಯುಟಿ (ಸೇವೆ ಮುಗಿದಾಗ ಕೊಡುವ ಇಡಿಗಂಟು), ರಿಟ್ರೆಂಚ್‌ಮೆಂಟ್ (ಸಿಬ್ಬಂದಿ ಕಡಿತ) ಪರಿಹಾರಗಳನ್ನು ಈ ಅರ್ಧದ ಲೆಕ್ಕಕ್ಕೆ ಹಿಡಿಯಬಾರದು.

ಹರಿಹರ_ಎಚ್‌ಆರ್
ಗ್ರಾಚ್ಯುಟಿಯಲ್ಲಿ ವ್ಯತ್ಯಾಸ ಎಷ್ಟು ಬೀಳುತ್ತದೆ ನೋಡಿ. ಸೂತ್ರ ಹಳೆಯದೇ: ಕೊನೆಯ ತಿಂಗಳ ವೇತನ × 15 ÷ 26 × ಸೇವಾ ವರ್ಷ. 5 ವರ್ಷಕ್ಕೆ 9,000 ಹಿಡಿದರೆ 25,962 ರೂ. 17,000 ಹಿಡಿದರೆ 49,038 ರೂ. ಹೆಚ್ಚುಕಡಿಮೆ ಎರಡರಷ್ಟು. ಗರಿಷ್ಠ ಮಿತಿ 20 ಲಕ್ಷ ರೂ. ಗ್ರಾಚ್ಯುಟಿಗೆ ಹಣ ತೆಗೆದಿಡದೆ "ಹೋಗುವಾಗ ನೋಡೋಣ" ಎಂದುಕೊಂಡ ಸಂಸ್ಥೆಗಳು ಈಗಲೇ ಪ್ರತಿಯೊಬ್ಬರ ಸೇರಿದ ದಿನಾಂಕ ಹಿಡಿದು ಬಾಕಿ ಲೆಕ್ಕ ಮಾಡಿಡಬೇಕು.

ಇನ್ನೊಂದು ಮಾತು. ನಿಗದಿತ ಅವಧಿಯ ಕರಾರಿನಲ್ಲಿ ಸೇರಿಸಿಕೊಂಡವರಿಗೆ ಐದು ವರ್ಷದ ಷರತ್ತಿಲ್ಲ, ಒಂದು ವರ್ಷ ಮುಗಿಸಿದರೆ ಸಾಕು. "11 ತಿಂಗಳಿಗೊಮ್ಮೆ ಕರಾರು ಮುರಿದು ಮತ್ತೆ ತಗೊಳ್ತೀವಿ" ಎನ್ನುವವರಿಗೆ ಹೇಳುವುದಿಷ್ಟೇ. ನಡುವೆ ಎರಡು ದಿನ ಖಾಲಿ ತೋರಿಸಿ ಅದೇ ಮನುಷ್ಯ ಅದೇ ಮೆಷಿನ್ ಮುಂದೆ ನಿಂತಿದ್ದರೆ, ಹಾಜರಿ ಪುಸ್ತಕವೇ ನಿಮ್ಮ ವಿರುದ್ಧದ ಸಾಕ್ಷಿ.

ದುರ್ಗದ_ಕಾರ್ಮಿಕ_ಸಲಹೆ
ಲೆಕ್ಕಿಗ ಸರ್, 50%ಗಿಂತ ದೊಡ್ಡ ವಿಷಯ ನಿಮ್ಮ ಪ್ರಶ್ನೆಯ ಎರಡನೇ ಸಾಲಿನಲ್ಲೇ ಇದೆ. 17 + 8 = 25. ಪಿಎಫ್ ಮಿತಿ 20. ಗುತ್ತಿಗೆದಾರರ ಮೂಲಕ ಬಂದವರೂ ಆ ಎಣಿಕೆಗೆ ಸೇರುತ್ತಾರೆ. ನಿಮ್ಮ ಗಿರಣಿ ಪಿಎಫ್ ವ್ಯಾಪ್ತಿಗೆ ಬಂದಾಗಿದೆ, ನೋಂದಣಿ ಮಾತ್ರ ಆಗಿಲ್ಲ.

ಎಪಿಎಂಸಿ_ಲೆಕ್ಕಿಗ (ದಾವಣಗೆರೆ)
ಹಮಾಲರಿಗೆ ಮೂಟೆ ಲೆಕ್ಕದಲ್ಲಿ ಕೂಲಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ದುಡ್ಡು ಮೇಸ್ತ್ರಿ ಕೈಗೆ ಹೋಗುತ್ತದೆ. ಹಾಗಿದ್ದರೂ ಎಣಿಸಬೇಕೆ?

ದುರ್ಗದ_ಕಾರ್ಮಿಕ_ಸಲಹೆ
ಎಣಿಸಬೇಕು. ತಿಂಗಳ ಸಂಬಳವೋ ಮೂಟೆ ಲೆಕ್ಕವೋ ಎಂಬುದು ಮುಖ್ಯವಲ್ಲ. ಕೆಲಸ ಗಿರಣಿಯದ್ದೇ, ಗಿರಣಿಯ ಆವರಣದಲ್ಲೇ, ಗಿರಣಿಯವರ ಉಸ್ತುವಾರಿಯಲ್ಲೇ ನಡೆಯುತ್ತದೆ ಎಂಬುದು ಮುಖ್ಯ. ನಿಮ್ಮ ಖಾತೆ ಪುಸ್ತಕದಲ್ಲಿ "ಹಮಾಲಿ ಖರ್ಚು" ಎಂದು ದಿನಾ ಬರೆದಿರುತ್ತೀರಿ. ಪಿಎಫ್, ಇಎಸ್ಐ ಅಧಿಕಾರಿಗಳು ಮೊದಲು ತೆರೆಯುವುದು ಅದೇ ಖಾತೆಯನ್ನು. ಹೆಸರಿಲ್ಲದೆ ಹೋದ ಒಟ್ಟು ಮೊತ್ತದ ಮೇಲೇ ವಂತಿಗೆ ಕಟ್ಟಿ ಎಂದು ಆದೇಶ ಬಂದರೆ, ನೀವು ಕಟ್ಟಿದ ಹಣ ಯಾವ ಕಾರ್ಮಿಕನ ಖಾತೆಗೂ ಹೋಗುವುದಿಲ್ಲ. ಹಣವೂ ಹೋಯಿತು, ಹೊತ್ತವನಿಗೂ ಸಿಗಲಿಲ್ಲ.

ಲಾರಿಯವರು ತಮ್ಮ ಜೊತೆ ಕರೆತಂದು, ತಾವೇ ಕೂಲಿ ಕೊಟ್ಟು ಇಳಿಸಿಕೊಂಡು ಹೋಗುವವರ ವಿಷಯ ಬೇರೆ. ಅವರ ಕೂಲಿ ನಿಮ್ಮ ಖಾತೆಯಲ್ಲಿ ಬರಬಾರದು. ಎರಡನ್ನೂ ಒಂದೇ ಶೀರ್ಷಿಕೆಯಲ್ಲಿ ಬರೆಯಬೇಡಿ.

ಇವತ್ತಿನಿಂದ ಮಾಡಬೇಕಾದ್ದು: ಹಮಾಲರ ಹೆಸರು, ಆಧಾರ್, ಬ್ಯಾಂಕ್ ಖಾತೆ ತೆಗೆದುಕೊಂಡು ಪ್ರತ್ಯೇಕ ಹಾಜರಿ ಪುಸ್ತಕ ತೆರೆಯಿರಿ. ದಿನಕ್ಕೆ ಎಷ್ಟು ಮೂಟೆ, ಮೂಟೆಗೆ ಎಷ್ಟು ದರ, ಒಟ್ಟು ಎಷ್ಟು ಎಂದು ತಲಾವಾರು ಬರೆಯಿರಿ. ತಿಂಗಳ ಕೊನೆಗೆ ಒಬ್ಬೊಬ್ಬರ ಮೊತ್ತ ಆ ದಿನಗಳ ಕನಿಷ್ಠ ವೇತನಕ್ಕಿಂತ ಕಡಿಮೆ ಬೀಳುತ್ತಿದೆಯೇ ನೋಡಿ, ಬಿದ್ದರೆ ತುಂಬಿಸಿ. ರಾಜ್ಯದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಮೂಟೆ ದರ ಮಾತ್ರ ವರ್ಷಗಟ್ಟಲೆ ಹಾಗೇ ಉಳಿದಿರುತ್ತದೆ. ಕೊರತೆ ಹುಟ್ಟುವುದೇ ಅಲ್ಲಿ.

ಚಳ್ಳಕೆರೆ_ಎಣ್ಣೆಗಿರಣಿ
ಗುತ್ತಿಗೆ ಕಾರ್ಮಿಕರ ಮಿತಿ 20ರಿಂದ 50ಕ್ಕೆ ಏರಿದೆಯಲ್ಲ ಸರ್, 8 ಜನಕ್ಕೆ ಚಿಂತೆ ಇಲ್ಲ ಎಂದುಕೊಂಡಿದ್ದೆವು. ಶೇಂಗಾ ಹಂಗಾಮಿನಲ್ಲಿ ನಮ್ಮ ಕಡೆ ಗಿರಣಿಗಳಿಗೂ ಇದೇ ಪ್ರಶ್ನೆ.

ದುರ್ಗದ_ಕಾರ್ಮಿಕ_ಸಲಹೆ
50 ಎಂಬುದು ಗುತ್ತಿಗೆ ಕಾರ್ಮಿಕರ ಅಧ್ಯಾಯಕ್ಕೆ, ಲೈಸೆನ್ಸಿಗೆ. ಪಿಎಫ್‌ಗೆ 20, ಇಎಸ್ಐಗೆ 10, ವಿದ್ಯುತ್ ಬಳಸುವ ಕಾರ್ಖಾನೆಗೆ 20 (ಹಿಂದೆ 10 ಇತ್ತು), ವಿದ್ಯುತ್ ಇಲ್ಲದ್ದಕ್ಕೆ 40, ಸ್ಥಾಯಿ ಆದೇಶಕ್ಕೆ (ಸಂಸ್ಥೆಯ ಸೇವಾ ನಿಯಮಾವಳಿಗೆ) 300. ಒಂದು ಸಂಖ್ಯೆ ಹಿಡಿದು ಎಲ್ಲದಕ್ಕೂ ಅನ್ವಯಿಸುವುದೇ ತಪ್ಪು. ಹಂಗಾಮಿನಲ್ಲಿ ಒಂದು ತಿಂಗಳು 20 ಮುಟ್ಟಿ ಆಮೇಲೆ 12ಕ್ಕೆ ಇಳಿದರೂ ಪಿಎಫ್ ವ್ಯಾಪ್ತಿ ಹೋಗುವುದಿಲ್ಲ.

ಹಮಾಲಿ ಕೆಲಸಕ್ಕೆ ಗುತ್ತಿಗೆ ಕೊಡಲು ತೊಂದರೆಯಿಲ್ಲ. ಹೊಸ ಸಂಹಿತೆ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಹಚ್ಚುವುದನ್ನು ನಿಷೇಧಿಸಿದರೂ, ಆವರಣದೊಳಗೆ ಸರಕು ಏರಿಸಿ ಇಳಿಸುವುದು, ಕಾವಲು, ಸ್ವಚ್ಛತೆ ಇವನ್ನು ಮುಖ್ಯ ಕೆಲಸವಲ್ಲದ ಪಟ್ಟಿಯಲ್ಲಿಟ್ಟಿದೆ. ಆದರೆ ಮೇಸ್ತ್ರಿ ಕೂಲಿ ಕೊಡದೆ ಹೋದರೆ ಕೊಡಬೇಕಾದವರು ನೀವೇ. ಆಮೇಲೆ ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಆದ್ದರಿಂದ ಮೇಸ್ತ್ರಿಗೆ ಒಟ್ಟು ಹಣ ಕೊಡುವ ಬದಲು ಕೂಲಿಯನ್ನು ನೇರ ಅವರವರ ಖಾತೆಗೆ ಹಾಕಿ, ಮೇಸ್ತ್ರಿಗೆ ಅವನ ಕಮಿಷನ್ ಬೇರೆ ಕೊಡಿ.

ಪಿಎಫ್_ಚಲನ್
ಪಿಎಫ್ ಭಾಗ ನಾನು ಬರೆಯುತ್ತೇನೆ.

15,000 ವೇತನಕ್ಕೆ: ಸಿಬ್ಬಂದಿ ಪಾಲು 12%, 1,800 ರೂ. ಮಾಲೀಕರ 12%ನಲ್ಲಿ ಪಿಂಚಣಿ ನಿಧಿಗೆ 8.33%, ಅಂದರೆ 1,250. ಉಳಿದ 550 ಪಿಎಫ್‌ಗೆ. ಇದಲ್ಲದೆ ವಿಮೆಗೆ 0.5%, 75 ರೂ. ಆಡಳಿತ ಶುಲ್ಕ 0.5%, ಆದರೆ ಇಡೀ ಸಂಸ್ಥೆಗೆ ತಿಂಗಳಿಗೆ ಕನಿಷ್ಠ 500 ರೂ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು.

ತಡವಾದರೆ ವರ್ಷಕ್ಕೆ 12% ಬಡ್ಡಿ, ಜೊತೆಗೆ ತಿಂಗಳಿಗೆ 1% ದಂಡ (2024ರ ಜೂನ್ 14ರಿಂದ ಈ ದರ). 20,000 ರೂ. ಎರಡು ತಿಂಗಳು ತಡವಾದರೆ ಬಡ್ಡಿ 400, ದಂಡ 400. ಇದು ಸಣ್ಣ ಏಟು. ದೊಡ್ಡ ಏಟು ಆದಾಯ ತೆರಿಗೆಯಲ್ಲಿ ಇತ್ತು. 1961ರ ಆದಾಯ ತೆರಿಗೆ ಕಾಯ್ದೆಯಡಿ (2026ರ ಮಾರ್ಚ್ 31ಕ್ಕೆ ಮುಗಿದ ವರ್ಷದವರೆಗೆ) ಸಿಬ್ಬಂದಿಯ ಸಂಬಳದಿಂದ ಹಿಡಿದ ಪಾಲನ್ನು 15ನೇ ತಾರೀಖು ದಾಟಿ ಕಟ್ಟಿದರೆ ಆ ಮೊತ್ತ ಖರ್ಚಾಗಿ ಸಿಗುತ್ತಲೇ ಇರಲಿಲ್ಲ, ಆಮೇಲೆ ಕಟ್ಟಿದರೂ ಇಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಚೆಕ್‌ಮೇಟ್ ಸರ್ವಿಸಸ್ ಪ್ರಕರಣದಲ್ಲಿ ಇದನ್ನು ಖಚಿತ ಮಾಡಿದೆ. ಇಎಸ್ಐ ಪಾಲಿಗೂ ಇದೇ ಮಾತು. 15ಕ್ಕೆ ಬ್ಯಾಂಕ್ ಸರ್ವರ್ ಕೈಕೊಟ್ಟಿತು ಎನ್ನುವುದು ನಿಲ್ಲುವ ವಾದವಲ್ಲ, 10ಕ್ಕೇ ಮುಗಿಸಿಬಿಡಿ.

ಹಳೆಯ ಬಾಕಿಗೆ 2026ರ ಏಪ್ರಿಲ್ 30ರವರೆಗೆ ಒಂದು ದಾರಿ. ಭವಿಷ್ಯ ನಿಧಿ ಸಂಸ್ಥೆಯ 2025ರ ನೋಂದಣಿ ಅಭಿಯಾನದಲ್ಲಿ, 2017ರ ಜುಲೈ 1ರಿಂದ 2025ರ ಅಕ್ಟೋಬರ್ 31ರ ನಡುವೆ ಬಿಟ್ಟುಹೋದ ಸಿಬ್ಬಂದಿಯನ್ನು ಮಾಲೀಕರು ತಾವಾಗಿ ಘೋಷಿಸಬಹುದು. ಅವಧಿ 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30. ಸಂಬಳದಿಂದ ಹಿಡಿದಿರದಿದ್ದರೆ ಸಿಬ್ಬಂದಿ ಪಾಲು ಮನ್ನಾ. ಮಾಲೀಕರ ಪಾಲು, ಬಡ್ಡಿ, ಆಡಳಿತ ಶುಲ್ಕ ಕಟ್ಟಬೇಕು, ದಂಡ 100 ರೂ. ಮಾತ್ರ. ಇದನ್ನು ಬಿಟ್ಟು ಆಮೇಲೆ ತಪಾಸಣೆಯಲ್ಲಿ ಸಿಕ್ಕರೆ ಎರಡೂ ಪಾಲು ಮಾಲೀಕರ ಮೇಲೆ. ಹೋದ ತಿಂಗಳುಗಳ ಸಿಬ್ಬಂದಿ ಪಾಲನ್ನು ಈಗಿನ ಸಂಬಳದಲ್ಲಿ ಮುರಿಯಲು ಕಾನೂನು ಬಿಡುವುದಿಲ್ಲ.

ಯುಎಎನ್ (ಪ್ರತಿ ಸದಸ್ಯರ ಪಿಎಫ್ ಸಂಖ್ಯೆ) ಮಾಡಿಸುವಾಗ ಎಚ್ಚರ. 2025ರ ಆಗಸ್ಟ್ 1ರಿಂದ ಹೊಸ ಯುಎಎನ್‌ಗೆ ಉಮಂಗ್ ಆ್ಯಪ್‌ನಲ್ಲಿ ಸಿಬ್ಬಂದಿಯೇ ಮುಖ ತೋರಿಸಿ ದೃಢೀಕರಿಸಬೇಕು. ನಮ್ಮ ಕಡೆ ಹೆಚ್ಚು ಕೆಡುವುದು ಇನಿಷಿಯಲ್ ವಿಚಾರದಲ್ಲಿ. ಆಧಾರ್‌ನಲ್ಲಿ ಹೆಸರಿನ ಹಿಂದೆ ಇನಿಷಿಯಲ್, ಬ್ಯಾಂಕಿನಲ್ಲಿ ಮುಂದೆ, ಪ್ಯಾನ್‌ನಲ್ಲಿ ತಂದೆಯ ಪೂರ್ತಿ ಹೆಸರು. ಇದಕ್ಕೇ ಕೆವೈಸಿ ತಿರಸ್ಕಾರವಾಗುತ್ತದೆ. ಸೇರಿಸಿಕೊಳ್ಳುವ ದಿನವೇ ಮೂರನ್ನೂ ಒಟ್ಟಿಗಿಟ್ಟು ನೋಡಿ. ವರ್ಷಗಳ ಮೇಲೆ ಹಣ ತೆಗೆಯಲು ಹೋದಾಗ ಅಲೆಯುವವರು ಆ ಕಾರ್ಮಿಕರೇ.

ಮಂಡಿಪೇಟೆ_ವ್ಯಾಪಾರಿ
ಒಂದು ನೇರ ಪ್ರಶ್ನೆ. ಗಿರಣಿಯನ್ನು ಎರಡು ಫರ್ಮ್ ಮಾಡಿ, ಒಂದು ಗಂಡನ ಹೆಸರಲ್ಲಿ, ಒಂದು ಹೆಂಡತಿ ಹೆಸರಲ್ಲಿ ಇಟ್ಟು, ತಲಾ 12 ಜನ ತೋರಿಸಿದರೆ? ಜಿಎಸ್‌ಟಿ ಬೇರೆ ಬೇರೆ ಇರುತ್ತದೆ.

ಪಿಎಫ್_ಚಲನ್
ಜಿಎಸ್‌ಟಿ ಬೇರೆ ಇದ್ದರೆ ಸಂಸ್ಥೆ ಬೇರೆಯಾಗುವುದಿಲ್ಲರೀ. ಒಂದೇ ಆವರಣ, ಒಂದೇ ವಿದ್ಯುತ್ ಮೀಟರ್, ಒಬ್ಬನೇ ಮ್ಯಾನೇಜರ್, ಇತ್ತ ಕೆಲಸ ಮಾಡುವವರು ಅತ್ತ ಹೋಗುವುದು, ಒಂದರ ಹಣ ಇನ್ನೊಂದಕ್ಕೆ ತಿರುಗುವುದು ಇವನ್ನೆಲ್ಲ ಒಟ್ಟಾಗಿ ನೋಡುತ್ತಾರೆ. ಇಲಾಖೆಗಳು ಶಾಖೆಗಳೂ ಒಂದೇ ಸಂಸ್ಥೆಯ ಭಾಗ ಎಂದು ಕಾನೂನಿನಲ್ಲೇ ಇದೆ. ಕೂಡಿಸಿದ ದಿನ ಹಿಂದಿನ ವರ್ಷಗಳ ಬಾಕಿಯೂ ಕೂಡಿ ಬರುತ್ತದೆ. ಬೇಡ.

ಮಂಡಿಪೇಟೆ_ವ್ಯಾಪಾರಿ
ಸರಿ, ಅರ್ಥವಾಯಿತು. ಹಾಗಾದರೆ ಸೀರೆ ಅಂಗಡಿ ವಿಚಾರ ಹೇಳಿ. 14 ಜನ, ಅವರಲ್ಲಿ 9 ಹೆಣ್ಣುಮಕ್ಕಳು. ಅಂಗಡಿಗೆ ಈ ಸಂಹಿತೆ ಬರುತ್ತದೆಯೇ ಅಥವಾ ಹಳೆಯ ಅಂಗಡಿ ಕಾಯ್ದೆಯೇ?

ಹರಿಹರ_ಎಚ್‌ಆರ್
ಎರಡೂ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರಾಜ್ಯದ್ದು, ರದ್ದಾದ 29 ಕೇಂದ್ರ ಕಾಯ್ದೆಗಳಲ್ಲಿ ಅದಿಲ್ಲ. ನೋಂದಣಿ, ವಾರದ ರಜೆ, ದಿನಕ್ಕೆ 9 ಗಂಟೆ ಮತ್ತು ವಾರಕ್ಕೆ 48 ಗಂಟೆಯ ಮಿತಿ ಅದರಂತೆಯೇ. ನೇಮಕವಾದ 30 ದಿನದೊಳಗೆ ನಮೂನೆ ಕ್ಯೂನಲ್ಲಿ ನೇಮಕಾತಿ ಆದೇಶ ಕೊಡಬೇಕೆಂಬುದೂ ಅದರಲ್ಲೇ ಇದೆ. ಕನ್ನಡದಲ್ಲಿ ಕೊಡಿ, ಸಹಿ ಹಾಕುವವರು ಓದಿ ಸಹಿ ಹಾಕಲಿ. ಸಂಬಳದ ವಿಷಯಕ್ಕೆ ವೇತನ ಸಂಹಿತೆ ಎಲ್ಲ ಸಂಸ್ಥೆಗೂ ಅನ್ವಯ: ತಿಂಗಳ ಸಂಬಳ ಮುಂದಿನ 7ನೇ ದಿನದೊಳಗೆ, ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರಬಾರದು, ಓವರ್‌ಟೈಮ್‌ಗೆ ಎರಡರಷ್ಟು ದರ.

ಅಂಗಡಿಗಳಲ್ಲಿ ಕೆಡುವುದು ಕೆಲಸ ಬಿಟ್ಟವರ ಲೆಕ್ಕ. ರಾಜೀನಾಮೆಯಾಗಲಿ, ತೆಗೆದುಹಾಕಿದ್ದಾಗಲಿ, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. "ಮುಂದಿನ ತಿಂಗಳ ಸಂಬಳದ ಜೊತೆ ಬಾ" ಎನ್ನುವ ಕಾಲ ಹೋಯಿತು. ಗ್ರಾಚ್ಯುಟಿಗೆ ಮಾತ್ರ 30 ದಿನದ ಅವಕಾಶ ಬೇರೆ ಇದೆ. ಹೀಗಾಗಿ ರಜೆಯ ಬಾಕಿ, ಮುಂಗಡದ ಬಾಕಿ ತಿಂಗಳಾ ಸರಿಯಾಗಿರಬೇಕು. ಎರಡು ದಿನದಲ್ಲಿ ಹಳೆಯ ಚೀಟಿ ಹುಡುಕಿ ಲೆಕ್ಕ ಮಾಡಲಾಗದು.

ನವೆಂಬರ್ 1 ಮರೆಯಬೇಡಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದೂ ಸಂಬಳಸಹಿತ ಕಡ್ಡಾಯ ರಜೆ, ಮೇಲೆ ಹಬ್ಬದ ರಜೆ ಐದು. ಆ ದಿನ ಅಂಗಡಿ ತೆರೆದು ಕರೆಸಿದರೆ ಎರಡರಷ್ಟು ವೇತನ, ಇಲ್ಲವೇ ವೇತನದ ಜೊತೆ ಬದಲಿ ರಜೆ.

ಮಹಿಳಾ_ಸಮಿತಿ_ಹೊರಸದಸ್ಯೆ
ಮಂಡಿಪೇಟೆಯವರೇ, 10 ಜನ ದಾಟಿದೆ ಎಂದಮೇಲೆ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರ ಪ್ರಕಾರ ಆಂತರಿಕ ಸಮಿತಿ ಬೇಕೇ ಬೇಕು. ಇಲ್ಲದಿದ್ದರೆ 50,000 ರೂ.ವರೆಗೆ ದಂಡ, ಮತ್ತೆ ತಪ್ಪಿದರೆ ಎರಡರಷ್ಟು.

ಸಮಿತಿ ರಚನೆಯಲ್ಲಿ ನಮ್ಮ ಊರುಗಳಲ್ಲಿ ಆಗುವ ತಪ್ಪು ಒಂದೇ ತರಹ: ಮಾಲೀಕರ ಪತ್ನಿಯನ್ನು ಅಧ್ಯಕ್ಷೆ ಮಾಡುವುದು. ಅಧ್ಯಕ್ಷೆ ಅಲ್ಲಿ ಕೆಲಸ ಮಾಡುವ ಹಿರಿಯ ಮಹಿಳಾ ಸಿಬ್ಬಂದಿಯಾಗಿರಬೇಕು. ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದವರು ಆಗುವುದಿಲ್ಲ. ಅವರ ಜೊತೆ ಕನಿಷ್ಠ ಇಬ್ಬರು ಸಿಬ್ಬಂದಿ, ಹೊರಗಿನಿಂದ ಒಬ್ಬರು, ಒಟ್ಟಿನಲ್ಲಿ ಅರ್ಧ ಮಹಿಳೆಯರು. ಹೊರಸದಸ್ಯರು ನಿಮ್ಮ ಲೆಕ್ಕಪರಿಶೋಧಕರಾದರೆ ಅವರಿಗೆ ನಿಮ್ಮ ಮುಲಾಜು ಇರುತ್ತದೆ. ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯವರನ್ನೋ ಈ ವಿಷಯ ತಿಳಿದವರನ್ನೋ ಕೇಳಿ.

ದೂರು ಘಟನೆಯಿಂದ ಮೂರು ತಿಂಗಳೊಳಗೆ, ವಿಚಾರಣೆ 90 ದಿನದೊಳಗೆ. ದೂರು ಮಾಲೀಕರ ಮೇಲೆಯೇ ಇದ್ದರೆ, ಅಥವಾ ಸಂಸ್ಥೆಯಲ್ಲಿ 10ಕ್ಕಿಂತ ಕಡಿಮೆ ಜನ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಈ ಮಾಹಿತಿಯನ್ನು ಹೆಣ್ಣುಮಕ್ಕಳು ಊಟ ಮಾಡುವ ಕೋಣೆಯ ಗೋಡೆಗೆ ಅಂಟಿಸಿ. ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದರೆ ಯಾರೂ ನಿಂತು ಓದುವುದಿಲ್ಲ.

ಮುಟ್ಟಿನ ರಜೆಯ ಬಗ್ಗೆಯೂ ಹೇಳಿಬಿಡುತ್ತೇನೆ. 2025ರ ನವೆಂಬರ್‌ನ ರಾಜ್ಯ ಸರ್ಕಾರದ ಆದೇಶದಂತೆ 18ರಿಂದ 52 ವರ್ಷದ ಮಹಿಳಾ ಸಿಬ್ಬಂದಿಗೆ ತಿಂಗಳಿಗೆ ಒಂದು ದಿನ ಸಂಬಳಸಹಿತ ರಜೆ. ಖಾಯಂ, ಗುತ್ತಿಗೆ, ಹೊರಗುತ್ತಿಗೆ ಎಲ್ಲರಿಗೂ. ವೈದ್ಯರ ಚೀಟಿ ಕೇಳುವಂತಿಲ್ಲ, ಮುಂದಿನ ತಿಂಗಳಿಗೆ ಸೇರಿಸಿಕೊಳ್ಳಲೂ ಆಗುವುದಿಲ್ಲ. ಆದೇಶ ಹೈಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಡಿಸೆಂಬರ್ 9ರಂದು ತಡೆ ಸಿಕ್ಕಿ, ಅದೇ ದಿನ ತಡೆಯನ್ನು ಹಿಂಪಡೆಯಲಾಯಿತು. ಹಾಜರಿ ಪುಸ್ತಕದಲ್ಲಿ ಕಾರಣ ಬಿಡಿಸಿ ಬರೆಯಬೇಡಿ, ಒಂದು ಸಂಕೇತಾಕ್ಷರ ಸಾಕು. ಆ ಪುಸ್ತಕ ಹತ್ತು ಜನರ ಕೈಯಲ್ಲಿ ತಿರುಗುತ್ತದೆ.

ಭಟ್ಟಿ_ಬೀದಿ
ಮಂಡಕ್ಕಿ ಭಟ್ಟಿಗಳಿಗೆ ಇದರಲ್ಲಿ ಏನು ತಾಗುತ್ತದೆ? ಒಂದು ಭಟ್ಟಿಗೆ ಏಳೆಂಟು ಜನ, ಹೆಚ್ಚಿನವರು ಮುಂಗಡ ತೆಗೆದುಕೊಂಡು ಕುಟುಂಬ ಸಮೇತ ಇರುವವರು.

ದುರ್ಗದ_ಕಾರ್ಮಿಕ_ಸಲಹೆ
ಏಳೆಂಟು ಜನಕ್ಕೆ ಪಿಎಫ್, ಇಎಸ್ಐ ಕಡ್ಡಾಯ ಬರುವುದಿಲ್ಲ. ಆದರೆ ಕನಿಷ್ಠ ವೇತನಕ್ಕೆ ಸಂಖ್ಯೆಯ ಮಿತಿಯೇ ಇಲ್ಲ, ಒಬ್ಬನಿದ್ದರೂ ಕೊಡಬೇಕು. ಕಡಿಮೆ ಕೊಟ್ಟರೆ 50,000 ರೂ.ವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾರ್ಮಿಕ ಮೂರು ವರ್ಷದ ಹಿಂದಿನವರೆಗೆ ಬಾಕಿ ಕೇಳಬಹುದು. ಕೊಟ್ಟಿದ್ದೇನೆಂದು ತೋರಿಸುವ ಹೊಣೆ ಮಾಲೀಕರ ಮೇಲಿದೆ, ಕೊಟ್ಟಿಲ್ಲವೆಂದು ಕಾರ್ಮಿಕ ತೋರಿಸಬೇಕಿಲ್ಲ. ಕೈಗೆ ನಗದು ಕೊಟ್ಟು ರಸೀದಿ ಇಲ್ಲದಿದ್ದರೆ ಕೊಟ್ಟೇ ಇಲ್ಲ ಎಂದೇ ಲೆಕ್ಕ.

ಮುಂಗಡದ ಮಾತು ಗಂಭೀರ. ಮುಂಗಡ ಕೊಡುವುದು ತಪ್ಪಲ್ಲ, ಕಂತಿನಲ್ಲಿ ಮುರಿದುಕೊಳ್ಳಬಹುದು. ಆದರೆ "ತೀರುವವರೆಗೆ ಬೇರೆ ಕಡೆ ಹೋಗಬಾರದು" ಎಂದ ಕೂಡಲೇ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕೆಳಗೆ ಬರುತ್ತದೆ. ಆಗ ಸಾಲವೂ ರದ್ದು, ಮೇಲೆ ಕ್ರಿಮಿನಲ್ ಪ್ರಕರಣ. ಗುರುತಿನ ಚೀಟಿ, ಪಡಿತರ ಚೀಟಿ ಅಡ ಇಟ್ಟುಕೊಳ್ಳುವುದನ್ನೂ ನಿಲ್ಲಿಸಿ.

ಮಕ್ಕಳ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. 14ರ ಒಳಗಿನವರು ಕೆಲಸದಲ್ಲಿ ಕಂಡರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20,000ದಿಂದ 50,000 ರೂ.ವರೆಗೆ ದಂಡ. "ಅಪ್ಪ ಅಮ್ಮನಿಗೆ ಸಹಾಯ ಮಾಡ್ತಿದ್ದ" ಎಂಬ ವಿನಾಯಿತಿ ಸ್ವಂತ ಕುಟುಂಬದ ಉದ್ಯೋಗಕ್ಕೆ, ಅದೂ ಶಾಲೆ ಬಿಟ್ಟ ಮೇಲೆ. ಭಟ್ಟಿ ಅಪ್ಪನದ್ದಲ್ಲ, ಮಾಲೀಕರದ್ದು. ಕುಟುಂಬ ಭಟ್ಟಿಯ ಪಕ್ಕದಲ್ಲೇ ವಾಸವಿದ್ದರೆ ಮಕ್ಕಳು ಬಿಸಿ ಮರಳಿನ ಹತ್ತಿರ ಸುಳಿಯದ ಹಾಗೆ ವಾಸದ ಜಾಗ ಬೇರ್ಪಡಿಸಿ, ಶಾಲೆಗೆ ಸೇರಿಸಿದ ದಾಖಲೆ ಇಟ್ಟುಕೊಳ್ಳಿ.

ಚಳ್ಳಕೆರೆ_ಎಣ್ಣೆಗಿರಣಿ
ಇಎಸ್ಐ ಬಗ್ಗೆ ಒಂದು ಸಂದೇಹ. ವರ್ಷದ ಮಧ್ಯೆ ಸಂಬಳ ಇಎಸ್ಐ ಮಿತಿಯಾದ 21,000 ದಾಟಿದರೆ ಆ ತಿಂಗಳಿಂದಲೇ ಕೈಬಿಡಬಹುದೇ?

ಪಿಎಫ್_ಚಲನ್
ಇಲ್ಲ. ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂದು ವಂತಿಗೆಯ ಎರಡು ಅವಧಿ. ಜೂನ್‌ನಲ್ಲಿ ದಾಟಿದರೂ ಸೆಪ್ಟೆಂಬರ್ ಮುಗಿಯುವವರೆಗೆ ಪೂರ್ತಿ ವೇತನದ ಮೇಲೆ ಕಟ್ಟಬೇಕು. ದರ ಸಿಬ್ಬಂದಿಗೆ 0.75%, ಮಾಲೀಕರಿಗೆ 3.25%. 16,000ಕ್ಕೆ 120 ಮತ್ತು 520 ರೂ. ಓವರ್‌ಟೈಮ್ ಹಣ ಮಿತಿ ನೋಡುವಾಗ ಸೇರಿಸಬೇಡಿ.

ಹಮಾಲರನ್ನೂ ಇಎಸ್ಐಗೆ ಸೇರಿಸಿ, ಕೆಲಸಕ್ಕೆ ಬಂದ 10 ದಿನದೊಳಗೆ. ಮೂಟೆ ಜಾರಿ ಬೆನ್ನುಮೂಳೆಗೆ ಪೆಟ್ಟಾದ ಮೇಲೆ ನೋಂದಣಿ ಮಾಡಲು ಹೊರಟರೆ, ಚಿಕಿತ್ಸೆಯ ಖರ್ಚನ್ನು ಇಎಸ್ಐ ನಿಗಮ ಮಾಲೀಕರಿಂದ ವಸೂಲು ಮಾಡುತ್ತದೆ.

ಎಪಿಎಂಸಿ_ಲೆಕ್ಕಿಗ (ದಾವಣಗೆರೆ)
ಎಲ್ಲರಿಗೂ ಧನ್ಯವಾದ. ಹಮಾಲರ ಹಾಜರಿ ಪುಸ್ತಕ ಸೋಮವಾರವೇ ತೆರೆಯುತ್ತೇವೆ. ಕೊನೆಯದೊಂದು: ಆಪರೇಟರ್ ವೇತನ 17,000 ಎಂದಾಯಿತು. 15,000 ದಾಟಿದವರಿಗೆ ಪಿಎಫ್ ಬೇಡ ಎನ್ನುತ್ತಾರಲ್ಲ?

ಪಿಎಫ್_ಚಲನ್
ಅವರು ಕೆಲಸಕ್ಕೆ ಸೇರುವಾಗಲೇ ವೇತನ 15,000 ಮೀರಿದ್ದು, ಹಿಂದೆ ಎಲ್ಲೂ ಪಿಎಫ್ ಸದಸ್ಯರಾಗಿರದಿದ್ದರೆ ಮಾತ್ರ ಹೊರಗಿಡಬಹುದು. ಯುಎಎನ್ ಹಳೆಯದಿದ್ದರೆ ಮುಂದುವರಿಸಲೇಬೇಕು, 15,000ದ ಮೇಲೆ 1,800 ಕಟ್ಟಿದರೆ ಸಾಕು. ಹೊರಗಿಟ್ಟರೂ 20ರ ಎಣಿಕೆಯಲ್ಲಿ ಅವರು ಇರುತ್ತಾರೆ. ಹಿಂದಿನ ಸದಸ್ಯತ್ವದ ಬಗ್ಗೆ ನಮೂನೆ 11ರಲ್ಲಿ ಅವರಿಂದ ಬರೆಸಿ ಸಹಿ ಮಾಡಿಸಿ, ನೇಮಕಾತಿ ಪತ್ರದ ಜೊತೆಗೇ ಫೈಲಿನಲ್ಲಿಡಿ.